ಹಿಂದೆ ಬರುವವರ ದೀಪ

ಹೋದ ತಿಂಗಳು ಬಿತ್ತನೆಯ ಬೀಜ ತರಲೆಂದು ಹಿರೇಕೆರೂರಿಗೆ ಹೋಗಿದ್ದೆ. ಬಸ್ಸಿನಿಂದ ಇಳಿದು ಪೇಟೆಯ ಕಡೆ ನಡೆಯುತ್ತಿದ್ದಾಗ ಸುಟ್ಟ ವಾಯರಿನ ವಾಸನೆ ಮೂಗಿಗೆ ಬಡಿಯಿತು. ಕೆಲವರಿಗೆ ಮಲ್ಲಿಗೆಯ ವಾಸನೆ ಬಂದರೆ ತವರು ನೆನಪಾಗುತ್ತದಂತೆ. ನನಗೆ ಸುಟ್ಟ ವಾಯರು. ಏನು ಮಾಡುವುದು, ನಾನು ಪಡೆದುಕೊಂಡು ಬಂದದ್ದೇ ಹಾಗೆ.

ತಿರುಗಿ ನೋಡಿದೆ. ರಸ್ತೆ ಬದಿಯ ವಾಯರಿಂಗ್ ಅಂಗಡಿಯ ಮುಂದೆ ನಮ್ಮ ಗಾಡಿ ನಿಂತಿತ್ತು. ನಮ್ಮದು ಅನ್ನಬಾರದು, ಮಾರಿ ವರ್ಷಗಳಾದವು. ಆದರೂ ಬಾಯಿಗೆ ಬಂದದ್ದು ಅದೇ ಮಾತು. ಅಪ್ಪ ಬಳಿದ ನೀಲಿ ಬಣ್ಣ ಅಲ್ಲಲ್ಲಿ ಎದ್ದು ಒಳಗಿನ ಮಿಲ್ಟ್ರಿ ಹಸಿರು ಇಣುಕುತ್ತಿತ್ತು. ಎಡಬಾಗಿಲಿನ ಹಿಡಿಕೆ ಒಮ್ಮೆ ಸಿಟ್ಟಿನಲ್ಲಿ ನಾನೇ ಮುರಿದದ್ದು, ಅದು ಹಾಗೆಯೇ ಇತ್ತು. ಕನ್ನಡಕವನ್ನು ಹಣೆಗೇರಿಸಿಕೊಂಡ ಒಬ್ಬ ಮಿಸ್ತ್ರಿ ಸ್ಟೇರಿಂಗಿನ ಕೆಳಗೆ ತಲೆ ತೂರಿಸಿ ಯಾರನ್ನೋ ಬೈಯುತ್ತಿದ್ದ.

"ಏನಾಗೇತ್ರಿ ಗಾಡಿಗೆ?" ಎಂದೆ.

"ಹೆಡ್‌ಲೈಟ್ ನೋಡ್ರಿ ಅಕ್ಕಾರ. ರಿಪೇರಿ ಮಾಡಿ ಕಳಸಿದ್ರ ಮತ್ತ ಹೋಗ್ತಾವು, ಮತ್ತ ತರ್ತಾರ. ಇಲ್ಲೆ ನೋಡ್ರಿ, ಸ್ವಿಚ್ಚಿನ ಹಿಂದ ಯಾವನೋ ಹುಚ್ಚಪ್ಯಾಲಿ ಈ ಕೆಂಪು ವಾಯರ್ ಜೋಡಿಸ್ಯಾನ. ಇದಕ್ಕ ಇಲ್ಲೆ ಕೆಲಸನ ಇಲ್ಲ. ಬಿಸಿ ಆಗಿ ಕರಕಲಾಗೇತಿ, ಸ್ವಿಚ್ಚನ್ನೂ ಸುಡಾಕತ್ತೇತಿ."

"ಬಾಯಿ ಬಿಗಿ ಹಿಡದ ಮಾತಾಡ್ರಿ," ಎಂದೆ. "ಆ ವಾಯರ್ ಜೋಡಿಸಿದಾವ್ರು ತೀರಿಕೊಂಡಾರ."

ಪಾಪ, ಅವನಿಗೇನು ಗೊತ್ತು. ಕನ್ನಡಕ ಇಳಿಸಿಕೊಂಡು ನನ್ನನ್ನೇ ನೋಡಿದ. ಆ ಗೇಣುದ್ದದ ವಾಯರು ಅಲ್ಲಿ ಯಾಕಿತ್ತು ಅನ್ನುವುದು ಈಗ ಭೂಮಿಯ ಮೇಲೆ ನನಗೆ ಮತ್ತು ನಮ್ಮ ಅವ್ವನಿಗೆ ಬಿಟ್ಟರೆ ಯಾರಿಗೂ ಗೊತ್ತಿಲ್ಲ. ಅಂಗಡಿಯ ಕಟ್ಟೆಯ ಮೇಲೆ ಕುಳಿತೆ. ಬೀಜದ ಅಂಗಡಿ ಎಲ್ಲಿಗೂ ಓಡಿ ಹೋಗುವುದಿಲ್ಲ.

ನಮ್ಮದು ಶಿಗ್ಗಾಂವಿ ತಾಲೂಕಿನ ದುಂಡಸಿ. ಗಂಡನ ಮನೆಯವರಿಗೆ ನನ್ನ ಬಾಯಿ ಹಿಡಿಸಲಿಲ್ಲ, ನನಗೆ ಅವರ ಕೈ ಹಿಡಿಸಲಿಲ್ಲ, ತವರಿಗೆ ಬಂದುಬಿಟ್ಟೆ. ಹೆಸರು ಶಾಂತವ್ವ. ಇಟ್ಟವರನ್ನೇ ಕೇಳಬೇಕು. ಅಪ್ಪ ಮಿಲ್ಟ್ರಿಯಲ್ಲಿ ಡ್ರೈವರ್ ಆಗಿದ್ದವನು, ವಯಸ್ಸಿನ ಕಾಲವನ್ನೆಲ್ಲ ಗಡಿಯ ಗುಡ್ಡಗಳಲ್ಲಿ ರೇಷನ್ನು, ಮದ್ದುಗುಂಡು ಹೊತ್ತ ಲಾರಿ ನಡೆಸುತ್ತ ಕಳೆದವನು. ಊರಲ್ಲಿ ಎಲ್ಲರೂ ಅವನನ್ನು ಮಿಲ್ಟ್ರಿ ಬಸಪ್ಪ ಅನ್ನುತ್ತಿದ್ದರು. ಪೆನ್ಶನ್ನಿಗೆ ಬಂದ ಮೇಲೆ ಹೊಲದ ಬದುವಿನ ಮೇಲೆ ಕುಳಿತು ಬರೇ ರಸ್ತೆ ನೋಡುತ್ತಿದ್ದ. ಕಡೆಗೆ ಒಂದು ದಿನ ಮಿಲ್ಟ್ರಿಯವರು ಲಿಲಾವಿಗೆ ಹಾಕಿದ ಹಳೆಯ ಲಾರಿಯೊಂದನ್ನು ತಂದು ಮನೆಯ ಮುಂದೆ ನಿಲ್ಲಿಸಿದ. ಅವ್ವ ಆರತಿ ತಟ್ಟೆ ಹಿಡಿದು ಹೊರಗೆ ಬಂದವಳು, "ಗಂಡ ಬಂದಾನಂತ ಮಾಡಿದ್ರ ಸವತಿನ ತಂದಾನ ನೋಡು," ಎಂದಳು. ಆರತಿ ಮಾತ್ರ ಮಾಡಿದಳು.

ನಾಲ್ಕೂ ಗಾಲಿ ಎಳೆಯುವ ಗಾಡಿ ಅದು. ಸವಣೂರು, ಯಲವಿಗಿ ಕಡೆಯ ಎರೆ ಹೊಲಗಳಲ್ಲಿ ಮಳೆ ಬಿದ್ದರೆ ಎತ್ತಿನ ಕಾಲೇ ಮೇಲೇಳುವುದಿಲ್ಲ, ಲಾರಿಯವರು ರಸ್ತೆಯ ಮೇಲೇ ನಿಂತು ಕೈ ಮುಗಿಯುತ್ತಾರೆ. ನಮ್ಮ ಗಾಡಿ ಆ ಕೆಸರಿಗೆ ಇಳಿದು ಗೋವಿನಜೋಳದ ಚೀಲ ಹೊತ್ತು ಎದ್ದು ಬರುತ್ತಿತ್ತು. ಅಪ್ಪ ನಡೆಸುವವನು, ನಾನು ಚೀಲ ಎಣಿಸುವವಳು, ಹಮಾಲರನ್ನು ಗದರಿಸುವವಳು, ಗಾಜು ಒರೆಸುವವಳು. "ಕ್ಲೀನರ್ ಶಾಂತವ್ವ" ಎಂದು ಹಿಂದಿನಿಂದ ನಗುತ್ತಿದ್ದರು. ಎದುರಿಗೆ ನಗುವ ಧೈರ್ಯ ಯಾರಿಗಿತ್ತು?

ಹೆಡ್‌ಲೈಟಿನ ಕಾಟ ಸುರುವಾದ ವರ್ಷ, ದಸರೆಯ ಖಂಡೆ ಪೂಜೆಯ ದಿನ ಅಪ್ಪ ಎಂದಿನಂತೆ ಬಿಳಿ ಬಣ್ಣದ ಡಬ್ಬಿ ಹಿಡಿದು ಗಾಡಿಯ ಕೆಳಗೆ ತೂರಿದ. ಹಿಂದಿನ ಅಚ್ಚಿನ ನಡುವೆ ಕುಂಬಳಕಾಯಿಯಂಥ ಒಂದು ಉಕ್ಕಿನ ಗುಂಡು ಇರುತ್ತದೆ. ಅದಕ್ಕೆ ಪ್ರತಿ ವರ್ಷ ಹೊಸ ಬಿಳಿ ಬಣ್ಣ ಆಗಬೇಕು. ಅದರ ಮೇಲೆ ಬೆಳಕು ಬೀಳುವಂತೆ ಹುಣಸೆ ಬೀಜದಷ್ಟು ಸಣ್ಣ ಬಲ್ಬಿನ ಒಂದು ದೀಪ. ಅದನ್ನೂ ಒರೆಸಿ ಹತ್ತಿಸಿ ನೋಡುತ್ತಿದ್ದ.

"ಎಲ್ಲಾರೂ ಗಾಡಿ ಮೋತಿಗೆ ಪೂಜಿ ಮಾಡ್ತಾರ. ನೀ ಯಾಕಪಾ ಹಿಂದ ಕುಂತು ಮಾಡ್ತೀ?" ಎಂದೆ.

"ಕಾನ್ವಾಯ್ ಒಳಗ ರಾತ್ರಿ ಲಾರಿ ಸಾಲಾಗಿ ಹೊಂಟಾಗ ಮೋತಿ ಯಾರಿಗೂ ಕಾಣೂದಿಲ್ಲ ಮಗಳ," ಎಂದ. "ಗುಡ್ಡದ ಮ್ಯಾಲಿಂದ ವೈರಿ ನೋಡ್ಕೊಂತ ಕುಂತಿರ್ತಾನ, ದೊಡ್ಡ ಲೈಟ್ ಹಚ್ಚೂಹಂಗಿಲ್ಲ. ಇದೊಂದ ಹತ್ತಿರತೈತಿ. ಹಿಂದಿನಾವ ಈ ಬಿಳಿ ಗುಂಡ ನೋಡ್ಕೊಂತ ಬರ್ತಾನ. ಅವನ ಗುಂಡ ನೋಡ್ಕೊಂತ ಅವನ ಹಿಂದಿನಾವ."

"ಮುಂದಿನಾವ ದಾರಿ ತಪ್ಪಿದ್ರ?"

"ಎಲ್ಲಾರೂ ಕಂದಕಕ್ಕ." ಅಪ್ಪ ಕುಂಚ ನಿಲ್ಲಿಸಲಿಲ್ಲ. "ಒಂದ ಸಲ ಒಬ್ಬ ಹುಡುಗ ತಿರುವಿನ್ಯಾಗ ಹೆದರಿ ದೊಡ್ಡ ಲೈಟ್ ಹಚ್ಚಿಬಿಟ್ಟ."

"ಆಮ್ಯಾಲೇನಾತು?"

"ಏನಾಗಬೇಕೋ ಅದಾತು. ಆ ಅರಬಿ ಕೊಡಿಲ್ಲೆ." ಬಟ್ಟೆ ಕೊಟ್ಟೆ. ಅಪ್ಪ ಕೈ ಒರೆಸಿಕೊಂಡ.

ಆ ವರ್ಷ ಹಿಂಗಾರಿ ಮಳೆ ನಿಲ್ಲುವ ಮಾತೇ ಎತ್ತಲಿಲ್ಲ. ರಾಶಿ ಮಾಡಿದ ಗೋವಿನಜೋಳ ತಾಡಪತ್ರಿಯ ಕೆಳಗೇ ಮೊಳಕೆ ಬರುತ್ತಿತ್ತು. ಹೀಗಾಗಿ ನಮ್ಮ ಗಾಡಿಗೆ ಉಸಿರಾಡಲು ಪುರಸೊತ್ತಿಲ್ಲ. ಮುಂಜಾನೆ ಯಲವಿಗಿ ಕಡೆ ಹೋಗುವುದು, ಹೊಲದಿಂದ ಚೀಲ ಎತ್ತಿ ಸವಣೂರಿನ ಗೋದಾಮಿಗೆ ಇಳಿಸುವುದು, ಹೊತ್ತು ಮುಳುಗುವ ವೇಳೆಗೆ ಖಾಲಿ ಗಾಡಿ ಹೊಡೆದುಕೊಂಡು ದುಂಡಸಿಗೆ ಬರುವುದು. ಶಿಗ್ಗಾಂವಿ ದಾಟಿ ನಮ್ಮೂರ ಕಡೆ ಹೊರಳಿದ ಮೇಲೆ ಒಂದು ಇಳಿಜಾರು ಬರುತ್ತದೆ. ಎರಡೂ ಬದಿ ಗುಡ್ಡ ಕಡಿದು ಮಾಡಿದ ರಸ್ತೆ, ನಡುವೆ ಒಂದು ತಿರುವು. ಬಯಲಿನಲ್ಲಿ ಇನ್ನೂ ಬೆಳಕಿದ್ದಾಗಲೇ ಅಲ್ಲಿ ಕತ್ತಲು.

ಮೊದಲ ಸಲ ಹೆಡ್‌ಲೈಟು ಹೋದದ್ದು ಆ ತಿರುವಿನಲ್ಲಿ. ಪಕ್ಕನೆ ಮುಂದೆ ಏನೂ ಕಾಣದಂತಾಯಿತು. "ಅಪ್ಪಾ, ಲೈಟು!" ಎಂದು ಕಿರುಚಿದೆ. ಅವನು ಗಾಡಿಯ ವೇಗ ಇಳಿಸಿದ, ಆದರೆ ನಿಲ್ಲಿಸಲಿಲ್ಲ. ತಿರುವು ಮುಗಿಯುವ ತನಕ ಕತ್ತಲಲ್ಲೇ, ಒಂದು ಗೇಣು ಆಚೆ ಈಚೆ ಆಗದಂತೆ ನಡೆಸಿಕೊಂಡು ಹೋಗಿ ಬದಿಗೆ ನಿಲ್ಲಿಸಿದ. ಗಾಡಿ ನಿಂತ ಕೂಡಲೇ ಎಲ್ಲ ಸ್ವಿಚ್ಚು ಬಂದ್ ಮಾಡುವುದು ಅವನ ಮಿಲ್ಟ್ರಿ ರೂಢಿ. ಬಂದ್ ಮಾಡಿದ, ಇಳಿದ, ಮುಂದೆ ಹೋಗಿ ಗಾಜು ತಟ್ಟಿದ, ಮತ್ತೆ ಬಂದು ಸ್ವಿಚ್ಚು ತಿರುವಿದ. ಝಗ್ ಅಂತ ಹತ್ತಿದವು.

"ಲೂಸ್ ಕಾಂಟ್ಯಾಕ್ಟ್," ಎಂದ.

ಮರುದಿನ ಸವಣೂರಿನಲ್ಲಿ ದಾದಾಪೀರ ಕಾಕಾನ ವಾಯರಿಂಗ್ ಅಂಗಡಿಗೆ ಹೋದೆವು. ಅಪ್ಪನ ವಯಸ್ಸಿನವನೇ, ಬಾಯಿ ತುಂಬ ಎಲೆ, ಆ ಎಲೆಗಿಂತ ಹೆಚ್ಚು ಮಾತು. "ಅರೆ ಫೌಜಿ ಸಾಹೇಬ್ರ, ಈ ದಾದಾಪೀರನ ಕೈ ತಾಗಿದ ಗಾಡಿ ಹೊಳ್ಳಿ ಬಂದದ್ದೈತೇನು?" ಎಂದು ಬಲ್ಬು ಬದಲಿಸಿ ಕಳಿಸಿದ. ನಾಲ್ಕು ದಿನಕ್ಕೆ ಅದೇ ತಿರುವಿನಲ್ಲಿ ಮತ್ತೆ ಕತ್ತಲು. ಹೊಳ್ಳಿ ಹೋದೆವು. ಅರ್ಥಿಂಗ್ ಸರಿ ಇಲ್ಲ ಎಂದು ಚಾಸಿಯ ತುಕ್ಕು ತಿಕ್ಕಿ ಹೊಸ ವಾಯರ್ ಬಿಗಿದ. ಮತ್ತೆ ಹೋಯಿತು. ಕಾಲಿನಿಂದ ಒತ್ತುವ ಡಿಪ್ಪರ್ ಸ್ವಿಚ್ಚಿಗೆ ಕೆಸರು ಕೂತಿದೆ ಎಂದು ಅದನ್ನು ಬದಲಿಸಿದ. ಮತ್ತೆ ಹೋಯಿತು. ಫ್ಯೂಜಿನ ಡಬ್ಬಿ, ಡೈನಮೋ, ಬ್ಯಾಟರಿಯ ಕೊಂಡಿ, ಒಂದೂ ಬಿಡಲಿಲ್ಲ. ಅಂಗಡಿಯ ಮುಂದೆ ತಾಸುಗಟ್ಟಲೆ ಹಚ್ಚಿಟ್ಟರೂ ದೀಪಗಳು ಕಣ್ಣು ಮಿಟುಕಿಸುತ್ತಿರಲಿಲ್ಲ.

"ಹುಚ್ಚು ಬಿಡೂತನಾ ಮದಿವಿ ಆಗೂದಿಲ್ಲ, ಮದಿವಿ ಆಗೂತನಾ ಹುಚ್ಚು ಬಿಡೂದಿಲ್ಲ ಅಂದಂಗಾತು," ಎಂದು ತಲೆ ಕೆರೆದುಕೊಂಡ ಕಾಕಾ. "ಲೈಟ್ ಹೋಗೂತನಾ ಫಾಲ್ಟ್ ಸಿಗೂದಿಲ್ಲ, ನನ್ನ ಮುಂದ ಲೈಟ್ ಹೋಗವಲ್ವು."

"ನಿನ್ನ ಕೈಲೆ ಆಗೂದಿಲ್ಲಂದ್ರ ಆಗೂದಿಲ್ಲನ್ನು ಕಾಕಾ. ಅಡ್ಡಗ್ವಾಡಿ ಮ್ಯಾಲ ದೀಪ ಇಟ್ಟಂಗ ಮಾತಾಡಬ್ಯಾಡ," ಎಂದು ಹರಿಹಾಯ್ದೆ. ಕಾಕಾ ಮುಖ ಸಣ್ಣದು ಮಾಡಿಕೊಂಡ. ನನಗೆ ಸಿಟ್ಟು ಬರಲು ಕಾರಣವಿತ್ತು. ಹಿಂದಿನ ಸಂಜೆ ದೀಪ ಆರಿದಾಗ ಎದುರಿಗೆ ಸೈಕಲ್ಲಿನ ಮೇಲೆ ಮೇವಿನ ಹೊರೆ ಕಟ್ಟಿಕೊಂಡು ಒಬ್ಬ ಬರುತ್ತಿದ್ದ. ನಾನು ಕೈಯಲ್ಲಿ ಟಾರ್ಚು ಹಿಡಿದು ಕಣ್ಣಿಗೆ ಎಣ್ಣೆ ಹಾಕಿಕೊಂಡು ಕುಳಿತಿದ್ದರಿಂದ ಅವನು ಉಳಿದ. ಸೈಕಲ್ಲು ಗಟಾರಿಗೆ ಬಿತ್ತು, ಮೇವೆಲ್ಲ ಚೆಲ್ಲಾಪಿಲ್ಲಿ. ಅವನು ಬೈದ ಬೈಗುಳ ನನಗೂ ಹೊಸವು.

ಆ ಸಂಜೆ ಮನೆಗೆ ಬಂದವಳೇ ಅಪ್ಪನ ಮುಂದೆ ನಿಂತು ಹೇಳಿಬಿಟ್ಟಿದ್ದೆ: "ಇನ್ನೊಂದ ಸಲ ಲೈಟ್ ಹೋದ್ರ ಗಾಡಿ ಮಾರೂದ. ಒಬ್ಬರ ಜೀವಾ ತಗೊಂಡ ನಾವು ಉಣ್ಣೂದು ಬ್ಯಾಡ."

ಅಪ್ಪ ಬೂಟಿನ ದಾರ ಬಿಚ್ಚುತ್ತಿದ್ದ. ತಲೆ ಎತ್ತಲಿಲ್ಲ. "ಗಾಡಿ ಮಾರಿದ್ರ ಮುಂಜಾನೆದ್ದ ನಾ ಎಲ್ಲಿ ಹೋಗ್ಲಿ ಶಾಂತಾ?" ಎಂದ. ಆ ಗಾಡಿ ಇರುವ ತನಕ ಅವನು ಮಿಲ್ಟ್ರಿ ಬಸಪ್ಪ. ಅದು ಹೋದರೆ ಕಟ್ಟೆಯ ಮೇಲೆ ಕೂತ ಒಬ್ಬ ಮುದುಕ. ಅದು ನನಗೂ ಗೊತ್ತು, ಅವನಿಗೂ ಗೊತ್ತು. ಆ ದೀಪದ ರೋಗ ಸಿಗಲೇಬೇಕಿತ್ತು.

ಅಂಗಡಿಯಲ್ಲಿ ನಾನು ಹರಿಹಾಯ್ದದ್ದು ನಾಟಿತೋ ಏನೋ, ಕಾಕಾ ಅಂಗಡಿಗೆ ಬಾಗಿಲು ಹಾಕಿ, "ಇವತ್ತ ನಾನೂ ಬರ್ತೇನಿ. ಎಲ್ಲಿ ಹೋಗ್ತಾವು ನೋಡೇಬಿಡೂಣು," ಎಂದು ಗಾಡಿ ಹತ್ತಿದ. ಹೆಡ್‌ಲೈಟಿಗೆ ಹೋಗುವ ವಾಯರಿಗೆ ಒಂದು ಸಣ್ಣ ಬಲ್ಬು ಸಿಕ್ಕಿಸಿ, ಅದನ್ನು ಕೈಯಲ್ಲಿ ಹಿಡಿದುಕೊಂಡು ನಮ್ಮಿಬ್ಬರ ನಡುವೆ ಕುಳಿತ. ಮುಂದಿನ ದೀಪ ಆರಿದಾಗ ಈ ಬಲ್ಬು ಹತ್ತಿಯೇ ಇದ್ದರೆ ರೋಗ ಮುಂದಿದೆ, ಇದೂ ಆರಿದರೆ ಹಿಂದಿದೆ, ಅಷ್ಟೇ ಲೆಕ್ಕ. ಶಿಗ್ಗಾಂವಿಯ ತನಕ ಸವಣೂರು ಖಾರಾ ತಿನ್ನುತ್ತ, ತಿನ್ನಿಸುತ್ತ, ತನ್ನ ಮದುವೆಯ ಮೆರವಣಿಗೆಯಲ್ಲಿ ಜನರೇಟರ್ ಕೈಕೊಟ್ಟ ಕಥೆ ಹೇಳಿದ. ಅಪ್ಪನೂ ನಕ್ಕ. ಅವನ ಆ ನಗು ನನಗೆ ಚೆನ್ನಾಗಿ ನೆನಪಿದೆ.

ಇಳಿಜಾರಿಗೆ ಬಂದೆವು. ಎರಡೂ ಬದಿಯ ಗುಡ್ಡ ಮೇಲೆದ್ದು ಕತ್ತಲು ಕವಿಯಿತು. ಅಪ್ಪ ಮಾತು ನಿಲ್ಲಿಸಿ ಮುಂದೆ ಬಾಗಿ ಕುಳಿತ. ತಿರುವು ಬಂತು. ದೀಪ ಆರಿತು, ಕಾಕಾನ ಕೈಯೊಳಗಿನ ಬಲ್ಬೂ ಆರಿತು. "ಸ್ವಿಚ್ಚಿನ್ಯಾಗ ಐತಿ!" ಎಂದು ಕಾಕಾ ಖುಷಿಯಿಂದ ಟಾರ್ಚು ಹಚ್ಚಿ ಅಪ್ಪನ ಬಲಗಡೆಗೆ ಹಿಡಿದ. ಬಾಗಿಲಿನ ಮಗ್ಗುಲಲ್ಲಿ, ಸ್ಟೇರಿಂಗಿನ ಮರೆಗೆ, ಲೈಟಿನ ಕಬ್ಬಿಣದ ಸ್ವಿಚ್ಚು. ಅದರ ಮೇಲೆ ಅಪ್ಪನ ಕೈ ಇತ್ತು. ಸ್ವಿಚ್ಚು ಕೊನೆಯ ಮನೆಗೆ ತಿರುಗಿತ್ತು. ದೊಡ್ಡ ದೀಪವೆಲ್ಲ ಆರಿ, ಹಿಂದಿನ ಬಿಳಿ ಗುಂಡಿನ ಸಣ್ಣ ದೀಪವೊಂದೇ ಹತ್ತುವ ಮನೆ ಅದು, ಕಾನ್ವಾಯ್ ಮನೆ.

"ಬತ್ತಿ ಬುಝಾವೋ!" ಅಪ್ಪ ಮೆಲ್ಲನೆ, ಆದರೆ ನಾನು ಎಂದೂ ಕೇಳದ ದನಿಯಲ್ಲಿ ಗದರಿದ. ಕಣ್ಣು ರಸ್ತೆಯ ಮೇಲೆ. ಆ ಕಣ್ಣಿಗೆ ಕಾಣುತ್ತಿದ್ದ ರಸ್ತೆ ದುಂಡಸಿಯದಲ್ಲ.

ಕಾಕಾ ಟಾರ್ಚು ಆರಿಸಿದ. "ಜಿ ಸಾಬ್," ಎಂದ.

ತಿರುವು ದಾಟಿದ ಮೇಲೆ ಗಾಡಿ ನಿಂತಿತು. ರೂಢಿಯಂತೆ ಅಪ್ಪನ ಕೈ ಸ್ವಿಚ್ಚು ಬಂದ್ ಮಾಡಿತು. ಒಂದು ಗಳಿಗೆಯ ಮೇಲೆ ಅವನು ನಮ್ಮ ಕಡೆ ತಿರುಗಿ, "ನೋಡಿದ್ಯಾ ದಾದಾಪೀರ? ಮತ್ತ ಹೋದವು. ಸಿಕ್ತೇನು ಫಾಲ್ಟು?" ಎಂದ. ನಿಜವಾಗಿ ಕೇಳುತ್ತಿದ್ದ. ಎಳ್ಳಷ್ಟೂ ಗೊತ್ತಿರಲಿಲ್ಲ ಅವನಿಗೆ. ಮಾತಿನ ಮಲ್ಲ ದಾದಾಪೀರ ಕಾಕಾ ಕೈಯಲ್ಲಿ ಆರಿದ ಬಲ್ಬು ಹಿಡಿದುಕೊಂಡು, "ಸಿಕ್ಕತ್ರಿ ಸಾಹೇಬ್ರ, ಸಣ್ಣದೈತಿ," ಎಂದಷ್ಟೇ ಹೇಳಿ, ಊರು ಮುಟ್ಟಿದ ಮೇಲೆ ಕಡೆಯ ಬಸ್ಸು ಹಿಡಿದು ಸವಣೂರಿಗೆ ಹೊರಟುಹೋದ.

ಮನೆಗೆ ಬಂದು ಅವ್ವನಿಗೆ ಹೇಳಿದೆ. ಅವಳು ರೊಟ್ಟಿ ಬಡಿಯುತ್ತಿದ್ದಳು, ಬಡಿಯುತ್ತಲೇ ಇದ್ದಳು.

"ನನಗ ಗೊತ್ತೈತಿ," ಎಂದಳು. "ಮಳಿಗಾಲ ಸುರು ಆದಾಗಿಂದ ಹಂಗ ಆಗೇತಿ. ದೀಪಾ ಹಚ್ಚೂ ಹೊತ್ತಿಗೆ ನನ್ನ ಮೋತಿ ನೋಡಿ ನೀ ಯಾರಂತ ಕೇಳ್ತಾನ."

"ನೀ ಏನಂತೀ?"

"ಮೊದಲ ನಿನ್ನ ಹೇಣ್ತಿ ಅಂತಿದ್ದೆ. ಅಂದ್ರ ಉಣ್ಣಾಕ ಒಲ್ಲೆ ಅಂತಿದ್ದ, ಹೇಣ್ತಿ ಊರಾಗ ಅದಾಳ ಅಂತಿದ್ದ. ಈಗ ಲಂಗರಿನಾಕಿ ಅಂತೇನಿ. ಮಿಲ್ಟ್ರ್ಯಾಗ ಅಡಗಿಮನಿಗೆ ಹಂಗ ಅಂತಾರಂತಲ್ಲ. ಲಂಗರಿನಾಕಿ ಅಂದ್ರ ಗಪ್‌ಚಿಪ್ ಉಣ್ತಾನ." ಸೆರಗಿನಿಂದ ಮೂಗು ಒರೆಸಿಕೊಂಡಳು. "ಮೂವತ್ತ ವರ್ಸ ದೂರಿದ್ದ, ದಾರಿ ಕಾಯ್ಕೊಂತ ಕುಂತೆ. ಮನಿಗೆ ಬಂದಾನಂತ ಮಾಡಿದ್ದೆ. ಸಂಜೀ ಆದ್ರ ಮತ್ತ ಅಲ್ಲೇ ಹೋಗ್ತಾನ ನೋಡು."

ನಾನು ಹೊರಗೆ ಹೋಗಿ ದನದ ಕೊಟ್ಟಿಗೆಯಲ್ಲಿ ನಿಂತು ಅತ್ತೆ. ಬಾಯಿ ದೊಡ್ಡದಿದ್ದವರ ಅಳುವೂ ದೊಡ್ಡದು; ಸೆರಗು ತುರುಕಿಕೊಂಡು ಅಳಬೇಕಾಯಿತು.

ಮುಂಜಾನೆ ಅಪ್ಪ ಎಂದಿನ ಅಪ್ಪನೇ ಆಗಿದ್ದ. ಬೂಟು ಒರೆಸಿಕೊಂಡ, ಎಂಜಿನ್ ಆಯಿಲ್ ನೋಡಿದ, ತಡವಾಯಿತೆಂದು ನನ್ನನ್ನು ಬೈದ. ಅವನನ್ನು ನೋಡಿದರೆ ಹಿಂದಿನ ಸಂಜೆಯದು ನಾನೇ ಕಂಡ ಕೆಟ್ಟ ಕನಸು ಅನಿಸುತ್ತಿತ್ತು. ಅಂಗಡಿಯಲ್ಲಿ ಕಾಕಾ ನನ್ನನ್ನು ಪಕ್ಕಕ್ಕೆ ಕರೆದ.

"ಶಾಂತವ್ವಾ, ಫೌಜಿಯ ಕೈಯಾಗಿಂದ ಗಾಡಿ ಕಸಗೊಳ್ಳೂದಂದ್ರ ಕೈನ ಕಡದಂಗ. ನಾ ಒಂದ ಮಾಡ್ತೇನಿ. ಸ್ವಿಚ್ಚಿನ ಹಿಂದ ಒಂದ ವಾಯರ್ ಜೋಡಿಸ್ತೇನಿ. ಆ ಕಡೀ ಮನಿಗೆ ತಿರುವಿದ್ರೂ ದೊಡ್ಡ ಲೈಟ್ ಆರೂದಿಲ್ಲ. ಅವರ ಪಾಡಿಗೆ ಅವರು ತಿರುವ್ಲಿ. ಲೈಟ್ ಹತ್ತೇ ಇರ್ತಾವು, ರಸ್ತಾ ಕಾಣ್ತೈತಿ. ಯಾರಿಗೆ ಏನ ಗೊತ್ತಾಗತೈತಿ?"

ನನಗೆ ಅವನ ಕೈ ಹಿಡಿದು ಕಣ್ಣಿಗೊತ್ತಿಕೊಳ್ಳಬೇಕು ಅನಿಸಿತು. ಒಂದು ಗೇಣು ವಾಯರಿನಲ್ಲಿ ಅಪ್ಪನ ಮಾನವೂ ಉಳಿಯಿತು, ಗಾಡಿಯೂ ಉಳಿಯಿತು ಅಂದುಕೊಂಡೆ. ಕಾಕಾ ಅಪ್ಪನಿಗೆ ಸ್ವಿಚ್ಚಿನೊಳಗೆ ತುಕ್ಕು ಇತ್ತು ಎಂದ. ಅಪ್ಪ, "ನಾ ಮೊದಲ ಹೇಳಿದ್ನಲ್ಲ, ಲೂಸ್ ಕಾಂಟ್ಯಾಕ್ಟ್ ಅಂತ," ಎಂದು ಹೆಮ್ಮೆಯಿಂದ ನನ್ನ ಕಡೆ ನೋಡಿದ. ಹೊತ್ತು ಮುಳುಗುವುದರೊಳಗೆ ಮನೆ ಮುಟ್ಟಬೇಕೆಂದು ನಾನು ಹಮಾಲರನ್ನು ಅಟ್ಟಾಡಿಸಿ ಚೀಲ ಹೊರಿಸತೊಡಗಿದೆ. ಕೆಲವು ದಿನ ಸುಸೂತ್ರ ನಡೆಯಿತು.

ಆಮೇಲೊಂದು ದಿನ ಯಲವಿಗಿಯ ಹೊಲದಲ್ಲಿ ಮಳೆ ಹಿಡಿಯಿತು. ತಾಡಪತ್ರಿ ಹೊದಿಸಿ, ಬಿಚ್ಚಿ, ಮತ್ತೆ ಹೊದಿಸಿ, ಎಲ್ಲ ತಡವಾಯಿತು. ಆ ಇಳಿಜಾರಿಗೆ ನಾವು ಬಂದಾಗ ಸಂಜೆ ಕವಿದಿತ್ತು, ಜಿಟಿಜಿಟಿ ಮಳೆ. ತಿರುವು ಬಂತು. ಅಪ್ಪನ ಬಲಗೈ ಕೆಳಗೆ ಹೋದದ್ದನ್ನು ಈ ಸಲ ನಾನು ನೋಡುತ್ತಿದ್ದೆ. ಕಟ್ ಎಂದು ಸ್ವಿಚ್ಚು ತಿರುಗಿತು. ದೀಪ ಆರಲಿಲ್ಲ.

ಅಬ್ಬ ಅಂದುಕೊಂಡೆ. ಅಪ್ಪ ಮತ್ತೆ ತಿರುವಿದ. ಕಟ್, ಕಟ್. ದೀಪ ಹತ್ತಿಯೇ ಇತ್ತು. ಬೆಳಕು ಗುಡ್ಡದ ಮೈಗೆಲ್ಲ ಬಡಿದು, ಮಳೆ ಹನಿಯೆಲ್ಲ ಹೊಳೆಯುತ್ತಿತ್ತು. ಅಪ್ಪನ ಉಸಿರು ಏರುತ್ತಿರುವುದು ಎಂಜಿನ್ನಿನ ಸದ್ದಿನಲ್ಲೂ ಕೇಳುತ್ತಿತ್ತು. "ಬಂದ್ ನಹೀ ಹೋ ರಹಾ," ಎಂದ. "ಬಂದ್ ನಹೀ ಹೋ ರಹಾ!" ಗಾಡಿ ಗಕ್ಕನೆ ನಿಂತಿತು. ಸ್ವಿಚ್ಚು ಬಂದ್ ಮಾಡುವ ರೂಢಿಯೂ ಅವನಿಗೆ ಮರೆತುಹೋಯಿತು. ಬಾಗಿಲು ತೆಗೆದು ಧುಮುಕಿದ.

ನಾನು ಇಳಿದು ಸುತ್ತಿ ಬರುವಷ್ಟರಲ್ಲಿ ಅವನು ಮೈಮೇಲಿನ ಸ್ವೆಟರು ಕಿತ್ತು ಒಂದು ದೀಪಕ್ಕೆ ಸುತ್ತಿದ್ದ. ಇನ್ನೊಂದನ್ನು ಎದೆಗೆ ಅವಚಿಕೊಂಡು, ಎರಡೂ ಕೈ ಚಾಚಿ ನಿಂತಿದ್ದ. ಬೆಳಕು ಅವನ ಬಗಲ ಸಂದಿಯಿಂದ, ಬೆರಳ ಸಂದಿಯಿಂದ ಹೊರಗೆ ಚೆಲ್ಲುತ್ತಿತ್ತು. ಅವನು ಅಳುತ್ತಿದ್ದ. ನನ್ನಪ್ಪ ಅತ್ತದ್ದನ್ನು ನಾನು ಅದೇ ಮೊದಲು ನೋಡಿದ್ದು.

"ಪೀಛೇ ಲಡಕೇ ಹೈಂ," ಅನ್ನುತ್ತಿದ್ದ. ಹಿಂದೆ ಹುಡುಗರಿದ್ದಾರೆ, ಹಿಂದೆ ಹುಡುಗರಿದ್ದಾರೆ. "ಸಬ್ ಮರ್ ಜಾಯೇಂಗೇ." ಎಲ್ಲರೂ ಸತ್ತುಹೋಗುತ್ತಾರೆ.

ಅಯ್ಯೋ ದೇವರೇ! ನಾವು ದೀಪ ಆರದಂತೆ ಮಾಡಿದ್ದೆವು. ಆ ಹುಡುಗರನ್ನು ಮರೆತಿದ್ದೆವು. ಓಡಿ ಹೋಗಿ ಸ್ವಿಚ್ಚು ಪೂರ್ತಿ ಬಂದ್ ಮಾಡಿದೆ. ಕತ್ತಲಾಯಿತು. ಅಪ್ಪ ಕೈ ಬಿಟ್ಟು ನೆಟ್ಟಗಾದ.

"ಹಿಂದಿಂದು?" ಎಂದ. ಆ ಮಾತು ಕನ್ನಡದಲ್ಲಿ ಬಂತು. ಯಾರೊಡನೆ ಆಡುತ್ತಿದ್ದನೋ ಗೊತ್ತಿಲ್ಲ. "ಹಿಂದಿಂದು ಹತ್ತೇತೇನು? ಹುಡುಗ್ರಿಗೆ ಕಾಣಬೇಕು."

ಎಲ್ಲ ಬಂದ್ ಮಾಡಿದ ಮೇಲೆ ಹಿಂದಿನದು ಎಲ್ಲಿ ಹತ್ತಬೇಕು? ಸ್ವಿಚ್ಚನ್ನು ಆ ಮನೆಗೆ ತಿರುವಿದರೆ ಮುಂದಿನವೂ ಹತ್ತಿಬಿಡುತ್ತವೆ. ಟಾರ್ಚು ಹಿಡಿದು ಹಿಂದಕ್ಕೆ ಓಡಿದೆ. ಕೆಸರಿನಲ್ಲಿ ಮೊಣಕಾಲೂರಿ ಗಾಡಿಯ ಕೆಳಗೆ ತೂರಿದೆ. ಆ ಬಿಳಿ ಗುಂಡಿಗೆ ಟಾರ್ಚಿನ ಬೆಳಕು ಹಿಡಿದೆ. ಕೆಸರು ಮೆತ್ತಿತ್ತು, ಸೆರಗಿನಿಂದ ಒರೆಸಿದೆ. ಖಂಡೆ ಪೂಜೆಗೆ ಬಳಿದ ಬಣ್ಣ ಬೆಳ್ಳಗೆ ಹೊಳೆಯಿತು.

"ಹತ್ತೇತಿ ಅಪ್ಪಾ," ಎಂದು ಕೂಗಿದೆ. "ಹತ್ತೇತಿ. ಕಾಣ್ತೈತಿ ಎಲ್ಲಾರಿಗೂ."

ಹಿಂದೆ ರಸ್ತೆ ಖಾಲಿ ಇತ್ತು. ಒಂದು ನರಪಿಳ್ಳೆಯೂ ಇರಲಿಲ್ಲ. ಆ ಖಾಲಿ ರಸ್ತೆಗೆ ದೀಪ ತೋರಿಸುತ್ತ, ಬೆನ್ನ ಮೇಲೆ ಗಾಡಿಯ ನೀರು ಸೋರಿಸಿಕೊಳ್ಳುತ್ತ ಎಷ್ಟು ಹೊತ್ತು ಕುಳಿತಿದ್ದೆನೋ. ಕೈ ಸೋತರೆ ಇನ್ನೊಂದು ಕೈಗೆ ಬದಲಿಸಿದೆ. ಟಾರ್ಚು ಕೆಳಗಿಡುವ ಧೈರ್ಯವಾಗಲಿಲ್ಲ.

ಬೂಟಿನ ಸದ್ದು ಹತ್ತಿರ ಬಂತು. ಅಪ್ಪ ಬಾಗಿ ಕೆಳಗೆ ನೋಡಿದ. "ಶಾಂತಾ, ಮಳ್ಯಾಗ ಕೆಳಗ ಯಾಕ ಕುಂತೀಯವಾ? ಲೈಟ್ ಮತ್ತ ಹೋದವೇನು?" ಎಂದ. ಅದು ನಮ್ಮ ಮನೆಯ ಅಪ್ಪನ ದನಿ.

"ಹೂಂನಪಾ," ಎಂದೆ. "ಮತ್ತ ಹೋದವು."

ಅವನು ಕೈ ಕೊಟ್ಟು ನನ್ನನ್ನು ಎಬ್ಬಿಸಿದ. ಇಬ್ಬರೂ ಮುಂದೆ ಬಂದೆವು. ನಾನು ಆರಿಸುವಷ್ಟರಲ್ಲಿ ಟಾರ್ಚಿನ ಬೆಳಕು ಮುಂದಿನ ದೀಪದ ಮೇಲೆ ಬಿತ್ತು. ಅಲ್ಲಿ ಅವನ ಸ್ವೆಟರು. ಎರಡೂ ತೋಳು ಹಿಂದಕ್ಕೆಳೆದು ಗಟ್ಟಿಯಾಗಿ ಗಂಟು ಹಾಕಿತ್ತು. ಮಿಲ್ಟ್ರಿಯವರು ಹಾಕುವ ಗಂಟು.

ಅಪ್ಪ ಅದನ್ನು ನೋಡಿದ. ತನ್ನ ಒದ್ದೆ ಅಂಗಿ ಮುಟ್ಟಿ ನೋಡಿಕೊಂಡ. ನನ್ನ ಮುಖ ನೋಡಿದ. ಗಂಟು ಬಿಚ್ಚಿದ, ಸ್ವೆಟರು ಹಿಂಡಿದ, ಅಷ್ಟು ಒದ್ದೆ ಬಟ್ಟೆಯನ್ನು ಕೂಡ ಮಡಿಚಿ ಬಗಲಲ್ಲಿ ಇಟ್ಟುಕೊಂಡ. ಆಮೇಲೆ ಗಾಡಿಯ ಮುಂದಿನಿಂದ ಸುತ್ತಿ ಹೋಗಿ ಎಡಬಾಗಿಲು ತೆಗೆದು, ಕ್ಲೀನರ್ ಜಾಗದಲ್ಲಿ, ನನ್ನ ಜಾಗದಲ್ಲಿ ಹತ್ತಿ ಕುಳಿತ.

"ನೀ ನಡಸು," ಎಂದ. "ಮುಂದಿನಾವಗ ದಾರಿ ಗೊತ್ತಿರಬೇಕು."

ನಡೆಸಿದೆ. ತವರಿಗೆ ಬಂದ ಮೇಲೆ ಹೊಲದಲ್ಲಿ ಅವನೇ ಕಲಿಸಿದ್ದು. ಕಣ್ಣಲ್ಲಿ ನೀರು ತುಂಬಿ ರಸ್ತೆಯೇ ಕಾಣದಾದಾಗ ಅವನು ಪಕ್ಕದಿಂದ "ಎಡಕ್ಕ, ಎಡಕ್ಕ, ಸಾವಕಾಶ," ಅನ್ನುತ್ತಿದ್ದ.

ಮರುದಿನ ದಾದಾಪೀರ ಕಾಕಾನಿಗೆ ಎಲ್ಲ ಹೇಳಿದಾಗ ಅವನು ಇಕ್ಕಳ ಕೆಳಗಿಟ್ಟು, "ಯಾ ಅಲ್ಲಾ, ನಾ ವಾಯರ್ ನೋಡಿದ್ನೆವ್ವಾ, ಮನಷ್ಯಾನ್ನ ನೋಡ್ಲಿಲ್ಲ," ಎಂದು ತಲೆ ಬಡಿದುಕೊಂಡ. ವಾಯರು ತೆಗೆಯುತ್ತೇನೆ ಎಂದ. ಇನ್ನು ಅಪ್ಪನಂತೂ ನಡೆಸುವುದಿಲ್ಲ, ಇರಲಿ ಬಿಡು ಎಂದೆ. ಆಮೇಲೆ ಕಾಕಾ ಆಗಾಗ ಬಸ್ಸು ಹಿಡಿದು ದುಂಡಸಿಗೆ ಬರುತ್ತಿದ್ದ, ಕೈಯಲ್ಲಿ ಖಾರಾದ ಪೊಟ್ಟಣ. ಮುಂಜಾನೆಯಾದರೆ ಇಬ್ಬರೂ ಗೆಳೆಯರಂತೆ ಹರಟುತ್ತಿದ್ದರು. ಸಂಜೆಯಾದರೆ ನಿಂತ ಗಾಡಿಯಲ್ಲಿ ಅಪ್ಪ ಸ್ಟೇರಿಂಗ್ ಹಿಡಿದು ಕೂತಿರುತ್ತಿದ್ದ, ಪಕ್ಕದಲ್ಲಿ ಕಾಕಾ. ಅಪ್ಪ ಏನು ಅಂದರೂ "ಜಿ ಸಾಬ್." ಅವ್ವ ಒಳಗಿನಿಂದ ತಾಟು ತಂದು ಕೊಡುತ್ತಿದ್ದಳು. ಲಂಗರಿನವಳ ಕೈಯೂಟ ಚೆನ್ನಾಗಿದೆ ಎಂದು ಅಪ್ಪ ಹೊಗಳುತ್ತಿದ್ದ. ಹೆಂಡತಿಯಾಗಿದ್ದಾಗ ಒಮ್ಮೆಯೂ ಹೊಗಳಿರಲಿಲ್ಲ, ಅದನ್ನು ಹೇಳಿಕೊಂಡು ಅವ್ವ ಈಗಲೂ ನಗುತ್ತಾಳೆ, ಅಳುತ್ತಾಳೆ.

ಮುಂದಿನ ಮುಂಗಾರಿಗೆ ಅಪ್ಪ ಹೋದ. ಕಾಕಾನೂ ಬಹಳ ದಿನ ಉಳಿಯಲಿಲ್ಲ. ಗಾಡಿಯನ್ನು ನೋಡುತ್ತ ಮನೆಯ ಮುಂದೆ ಓಡಾಡುವುದು ನನ್ನಿಂದ ಆಗಲಿಲ್ಲ, ಮಾರಿದೆ.

"ಅಕ್ಕಾರ," ಹಿರೇಕೆರೂರಿನ ಮಿಸ್ತ್ರಿ ನನ್ನ ಮುಂದೆ ನಿಂತಿದ್ದ. ದನಿ ಈಗ ಮೆತ್ತಗಾಗಿತ್ತು. "ಈ ವಾಯರ್ ಏನ ಮಾಡ್ಲಿ? ಕೀಳೂದೋ, ಹೊಸಾದ ಹಾಕೂದೋ?"

"ಕೀಳ್ರಿ," ಎಂದೆ.

ಅವನು ಕಿತ್ತ. ಕರಕಲು ತುಂಡನ್ನು ನಾನು ಕೇಳಿ ಇಸಿದುಕೊಂಡೆ. ಸ್ವಿಚ್ಚು ಒರೆಸಿ ಜೋಡಿಸಿ ಹೆಡ್‌ಲೈಟು ಹತ್ತಿಸಿ ನೋಡಿದ, ಸರಿಯಾಗಿದ್ದವು. "ಇನ್ನ ಆ ಕಡೀ ಮನಿಗೆ ತಿರುವ್ರಿ," ಎಂದೆ. ತಿರುವಿದ. ಮುಂದಿನವೆಲ್ಲ ಆರಿದವು.

"ಇದೇನ್ರೀ, ಎಲ್ಲಾ ಆರಿದುವಲ್ಲ? ಎಲ್ಲಾ ಆರಸಾಕ ಒಂದ ಬ್ಯಾರೆ ಮನಿ ಯಾಕ?"

ನಾನು ಗಾಡಿಯ ಹಿಂದಕ್ಕೆ ನಡೆದೆ. ಪೇಟೆಯ ಜನ ನೋಡುತ್ತಿದ್ದರು, ನೋಡಲಿ. ರಸ್ತೆಯ ಮೇಲೆ ಮೊಣಕಾಲೂರಿ ಕೆಳಗೆ ಬಗ್ಗಿದೆ. ಹೊಸ ಮಾಲೀಕ ಬಿಳಿ ಬಣ್ಣ ಹಚ್ಚಿರಲಿಲ್ಲ. ಎಣ್ಣೆ, ಧೂಳು ಕೂಡಿ ಗುಂಡು ಕಪ್ಪಾಗಿತ್ತು. ಸೆರಗಿನಿಂದ ತಿಕ್ಕಿದೆ. ಒಂದಿಷ್ಟು ತಿಕ್ಕಿದ ಮೇಲೆ ಅಪ್ಪನ ಬಣ್ಣ ಕಂಡಿತು. ಅದರ ಮೇಲೆ ಆ ಸಣ್ಣ ದೀಪ, ಇಷ್ಟು ವರ್ಷದ ಮೇಲೆಯೂ, ಹತ್ತಿತ್ತು.

"ಏನೈತ್ರಿ ಅಲ್ಲೆ?" ಮಿಸ್ತ್ರಿ ಮುಂದಿನಿಂದ ಕೂಗಿದ.

ದೀಪಕ್ಕೆ ಅಂಟಿದ್ದ ಧೂಳನ್ನು ಬೆರಳಿನಿಂದ ಒರೆಸಿದೆ.

"ಹತ್ತೇತಿ ಅಪ್ಪಾ," ಎಂದೆ.